ದನಕರುಗಳ ರೋಗಪರೀಕ್ಷೆಗಳೂ ಅವುಗಳ ಫಲಿತಾಂಶವನ್ನು ತಿಳಿಯುವ ಕ್ರಮವೂ

ಬೇಸಾಯಗಾರನಿಗೆ ಭೂಮಿಯ ತರುವಾಯ ದನಕರುಗಳೇ ಮುಖ್ಯವಾದ ಸ್ವತ್ತು. ಭೂಮಿಯು ಒಂದು ವರ್ಷ ಬೆಳೆ ಕೊಡದಿದ್ದರೂ ಮರುವರ್ಷ ಕೊಟ್ಟೀತು. ಸತ್ತ ಎತ್ತು ಮರಳಿ ನೊಗಕ್ಕೆ ಬಾರದು, ಕಂದು ಹಾಕಿದ ಹಸುವಿನಿಂದ ಆ ಸೂಲಿನ ಕರುವೂ ಇಲ್ಲ, ಹಾಲೂ ಇಲ್ಲ. ಆದುದರಿಂದ ರಾಸುಗಳಿಗೆ ಬಂದ ರೋಗವು ಯಾವುದೆಂಬುದನ್ನು ಬೇಗನೆ ಗೊತ್ತುಮಾಡುವುದು ಲಾಭದ ಮಾತು. ಹಿಂದೆ ರೋಗವನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ನಿರ್ಧರಿಸುತ್ತಿದ್ದರು. ಈಗ ರಕ್ತ, ಹಾಲು, ಸಗಣಿ ಮುಂತಾದವುಗಳನ್ನು ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷೆ ಮಾಡಿಸುವ ಅನುಕೂಲವು ಹಳ್ಳಿಗಳವರಿಗೂ ದೊರೆತಿದೆ. ಪರೀಕ್ಷೆಯಾದ ಮೇಲೆ ಒಂದು ಚೀಟಿ ಬರುವುದು. ಅದರಲ್ಲಿ ‘ಪಾಸಿಟಿವ್’ ಎಂದೋ ‘ನೆಗೆಟಿವ್’ ಎಂದೋ, ಅಂದರೆ ರೋಗದ ಗುರುತು ಉಂಟು ಅಥವಾ ಇಲ್ಲ ಎಂದು ಬರೆದಿರುವುದು.

ಈ ಚೀಟಿಯನ್ನು ಓದುವುದರಲ್ಲಿ ಎರಡು ವಿಧವಾದ ತಪ್ಪುಗಳು ಸಾಮಾನ್ಯವಾಗಿ ನಡೆಯುತ್ತವೆ. ‘ಉಂಟು’ ಎಂಬ ಚೀಟಿ ಬಂದೊಡನೆ ಕೆಲವರು ಗಾಬರಿಯಾಗಿ ರಾಸನ್ನು ಮುಂದಿನ ಸಂತೆಗೆ ಹೊಡೆದು ಸಿಕ್ಕಿದ ಬೆಲೆಗೆ ಮಾರುವರು. ಇದರಿಂದ ಒಂದು ಕೊಟ್ಟಿಗೆಯ ರೋಗವು ಇನ್ನೊಂದು ಊರಿಗೆ ಹೋಗುವುದು. ‘ಇಲ್ಲ’ ಎಂಬ ಚೀಟಿ ಬಂದೊಡನೆ ಮತ್ತೆ ಕೆಲವರು ಭಯ ಬಿಟ್ಟು, ಕಂದು ಹಾಕಿದ ಹಸುವನ್ನು ಮಂದೆಯೊಡನೆ ಸೇರಿಸುವರು. ಇದರಿಂದ ರೋಗವು ಮಂದೆಗೆಲ್ಲಾ ಹರಡುವುದು. ಎರಡಕ್ಕೂ ಕಾರಣ ಒಂದೇ: ಚೀಟಿಯನ್ನು ಕೋರ್ಟಿನ ತೀರ್ಪೆಂದು ಭಾವಿಸುವುದು. ಚೀಟಿಯು ತೀರ್ಪಲ್ಲ, ಸಾಕ್ಷಿ. ಸಾಕ್ಷಿಯು ಏನನ್ನು ಕಂಡನು, ಯಾವಾಗ ಕಂಡನು, ಎಷ್ಟು ದೂರದಿಂದ ಕಂಡನು ಎಂದು ವಿಚಾರಿಸಿದ ಮೇಲೆಯೇ ಅವನ ಮಾತಿಗೆ ಬೆಲೆ ಕಟ್ಟುವುದು ಲೋಕರೂಢಿ. ಪರೀಕ್ಷೆಯ ಚೀಟಿಗೂ ಇದೇ ಕ್ರಮವು ಸಲ್ಲುತ್ತದೆ.

೧. ಪರೀಕ್ಷೆಗಳಲ್ಲಿ ಎರಡು ಬಗೆ

ಕಬ್ಬಿನ ಗದ್ದೆಯಲ್ಲಿ ಕಾಡುಹಂದಿಯನ್ನೇ ಕಣ್ಣಾರೆ ಕಾಣುವುದು ಒಂದು; ಬೆಳಗ್ಗೆ ಹೋಗಿ ಅದರ ಹೆಜ್ಜೆಗಳನ್ನು ಕಾಣುವುದು ಮತ್ತೊಂದು. ಹಂದಿಯನ್ನು ಕಂಡರೆ ಅದು ಈಗ ಇಲ್ಲಿದೆ ಎಂಬುದು ನಿಜ. ಕಾಣದಿದ್ದರೆ ಇಲ್ಲವೆಂದು ಹೇಳಲಾಗದು, ಅದು ಕಬ್ಬಿನ ಮರೆಯಲ್ಲಿರಬಹುದು. ಹೆಜ್ಜೆಗಳನ್ನು ಕಂಡರೆ ಅದು ಬಂದಿತ್ತೆಂಬುದು ನಿಜ. ಈಗ ಇದೆಯೋ ಇಲ್ಲವೋ ತಿಳಿಯದು, ಕೆಲವು ವೇಳೆ ಹೆಜ್ಜೆಯು ಹಂದಿಯದೇ ಅಲ್ಲದೆಯೂ ಇರಬಹುದು.

ರೋಗಪರೀಕ್ಷೆಗಳೂ ಹೀಗೆಯೇ. ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಸಗಣಿಯಲ್ಲಿ ಹುಳುವಿನ ಮೊಟ್ಟೆಯನ್ನು ಹುಡುಕುವುದು, ಹಾಲಿನಿಂದ ರೋಗಾಣುವನ್ನು ಬೆಳೆಸಿ ನೋಡುವುದು, ಇವು ರೋಗಕಾರಕವನ್ನೇ ಹುಡುಕುವ ಪರೀಕ್ಷೆಗಳು. ರೋಗಾಣುವು ದೇಹವನ್ನು ಹೊಕ್ಕಾಗ ದೇಹವು ಅದರ ವಿರುದ್ಧ ರಕ್ತದಲ್ಲಿ ಉಂಟುಮಾಡಿಕೊಳ್ಳುವ ಪ್ರತಿಕಾಯಗಳೆಂಬ ವಸ್ತುಗಳನ್ನು ಹುಡುಕುವುದು, ಚರ್ಮದಲ್ಲಿ ಚುಚ್ಚಿ ಬಾವು ಏಳುವುದೇ ಎಂದು ನೋಡುವುದು, ಇವು ಹೆಜ್ಜೆಯನ್ನು ಹುಡುಕುವ ಪರೀಕ್ಷೆಗಳು. ಚೀಟಿ ಬಂದಾಗ ಮೊದಲು ಕೇಳತಕ್ಕ ಪ್ರಶ್ನೆಯು, ಈ ಪರೀಕ್ಷೆಯು ಯಾವ ಬಗೆಯದು ಎಂಬುದೇ.

೨. ಮಾದರಿಯನ್ನು ತೆಗೆಯುವುದು

ಕೆಟ್ಟ ಬೀಜದಿಂದ ಒಳ್ಳೆಯ ಬೆಳೆಯನ್ನು ನಿರೀಕ್ಷಿಸುವಂತಿಲ್ಲ. ಕೆಟ್ಟ ಮಾದರಿಯಿಂದ ಸರಿಯಾದ ಫಲಿತಾಂಶವೂ ಬಾರದು. ಪ್ರತಿಕಾಯದ ಪರೀಕ್ಷೆಗಾಗಿ ತೆಗೆದ ರಕ್ತವನ್ನು ಒಣಗಿದ ಶುದ್ಧವಾದ ನಳಿಗೆಯಲ್ಲಿ ಓರೆಯಾಗಿಟ್ಟು, ಅಲುಗಿಸದೆ ಹೆಪ್ಪುಗಟ್ಟಲು ಬಿಡಬೇಕು. ಮೇಲೆ ನಿಲ್ಲುವ ಹುಲ್ಲಿನ ಬಣ್ಣದ ತಿಳಿಯೇ ಪರೀಕ್ಷೆಗೆ ಬೇಕಾದುದು. ರಕ್ತವನ್ನು ಕುಲುಕಿದರೆ ಅಥವಾ ಬಿಸಿಲಿನಲ್ಲಿ ಬಿಟ್ಟರೆ ತಿಳಿಯು ಕೆಂಪಾಗಿ ಉಪಯೋಗಕ್ಕೆ ಬಾರದಾಗುವುದು. ಸಗಣಿಯನ್ನು ಗುದದ್ವಾರದಿಂದಲೇ ತೆಗೆಯುವುದು ಉತ್ತಮ. ನೆಲದ ಮೇಲೆ ಬಿದ್ದು ಬಹಳ ಹೊತ್ತಾದುದನ್ನು ಕಳುಹಿಸಕೂಡದು, ಏಕೆಂದರೆ ಶಾಖಕ್ಕೆ ಮೊಟ್ಟೆಗಳು ಒಡೆದು ಮರಿಗಳಾಗುವುವು ಮತ್ತು ಮಣ್ಣಿನ ಹುಳುಗಳು ಸೇರುವುವು. ಹಾಲನ್ನು ತೆಗೆಯುವಾಗ ಮೊಲೆತೊಟ್ಟನ್ನು ತೊಳೆದು ಒರಸಿ, ತುದಿಯನ್ನು ಸ್ಪಿರಿಟ್ಟಿನಿಂದ ಶುದ್ಧಿಮಾಡಿ, ಮೊದಲ ಕೆಲವು ಧಾರೆಗಳನ್ನು ಚೆಲ್ಲಬೇಕು.

ಮಾದರಿಯನ್ನು ಔಷಧ ಕೊಡುವುದಕ್ಕೆ ಮುಂಚೆಯೇ ತೆಗೆಯತಕ್ಕದ್ದು. ಔಷಧ ಕೊಟ್ಟ ಮೇಲೆ ತೆಗೆದ ಹಾಲಿನಲ್ಲಿ ರೋಗಾಣುವು ಬೆಳೆಯದಿದ್ದರೆ, ರೋಗವಿರಲಿಲ್ಲವೋ ಅಥವಾ ಔಷಧವು ಅದನ್ನು ಅಡಗಿಸಿತೋ ಎಂದು ಯಾರೂ ಹೇಳಲಾರರು. ನಳಿಗೆಯ ಮೇಲೆ ರಾಸಿನ ಕಿವಿಯೋಲೆಯ ೧೨ ಅಂಕಿಗಳ ಸಂಖ್ಯೆ, ವಯಸ್ಸು, ಎಷ್ಟು ತಿಂಗಳ ಗಬ್ಬ, ಎಂದು ಈಯಿತು, ಯಾವ ಲಸಿಕೆ ಹಾಕಿಸಿದೆ ಎಂಬುದನ್ನೆಲ್ಲಾ ಬರೆಯಿಸಬೇಕು. ಒಬ್ಬರ ಹಸುವಿನ ಚೀಟಿಯು ಮತ್ತೊಬ್ಬರ ಹಸುವಿಗೆ ಅಂಟಿಕೊಂಡರೆ ಎರಡು ಮನೆಗಳಿಗೂ ನಷ್ಟ.

೩. ಜ್ವರದಲ್ಲಿ ರಕ್ತಲೇಪನದ ಪರೀಕ್ಷೆ

ಹಸುವಿನ ಸಾಧಾರಣವಾದ ಮೈಶಾಖವು ಸುಮಾರು ೧೦೧.೫ ಡಿಗ್ರಿ ಫ್ಯಾರನ್‌ಹೀಟ್. ಇದು ೧೦೪ಕ್ಕೂ ಮೇಲೇರಿ, ಮೇವು ಬಿಟ್ಟು, ಭುಜದ ಮುಂದಿನ ಗಂಟುಗಳು ಊದಿಕೊಂಡರೆ ಉಣ್ಣೆಗಳಿಂದ ಹರಡುವ ಥೈಲೀರಿಯಾ ಜ್ವರವನ್ನು ಸಂಶಯಿಸಬೇಕು. ಮೂತ್ರವು ಕೆಂಪಾಗಿ ಹೋದರೆ ಬಬೀಸಿಯಾ ಜ್ವರವನ್ನು ಸಂಶಯಿಸಬೇಕು. ಕಿವಿಯ ತುದಿಯ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರೆ ಕೆಂಪು ರಕ್ತಕಣಗಳ ಒಳಗೆ ಈ ಜೀವಿಗಳು ಕಾಣಿಸುವುವು. ಜ್ವರವು ಏರಿರುವಾಗಲೇ ಲೇಪನ ಮಾಡಿಸಬೇಕು.

ಇಲ್ಲಿ ಒಂದು ಸೂಕ್ಷ್ಮವುಂಟು. ಥೈಲೀರಿಯಾ ಜ್ವರ ಬಂದು ಗುಣವಾದ ರಾಸುಗಳ ರಕ್ತದಲ್ಲಿ ಆ ಜೀವಿಗಳು ಸ್ವಲ್ಪ ಪ್ರಮಾಣದಲ್ಲಿ ಬಹುಕಾಲ ಉಳಿದುಕೊಂಡಿರುತ್ತವೆ. ನಾಟಿ ದನಗಳು ಹೀಗೆ ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವುದುಂಟು. ಅಂತಹ ಎತ್ತಿಗೆ ಬೇರೊಂದು ಕಾರಣದಿಂದ ಜ್ವರ ಬಂದಾಗ ಲೇಪನದಲ್ಲಿ ಥೈಲೀರಿಯಾ ಕಂಡರೆ, ಕಂಡದ್ದು ನಿಜವಾದರೂ ಜ್ವರಕ್ಕೆ ಕಾರಣ ಅದೇ ಆಗಿರಬೇಕೆಂಬ ನಿಯಮವಿಲ್ಲ. ಜೀವಿಗಳು ಎಷ್ಟಿವೆ, ಗಂಟುಗಳು ಊದಿವೆಯೇ, ರಕ್ತಹೀನತೆಯಿದೆಯೇ ಎಂಬುದನ್ನು ಪಶುವೈದ್ಯರು ಕೂಡಿಸಿ ನೋಡುವರು. ಸಂಶಯವಿದ್ದರೆ ಊದಿದ ಗಂಟಿನಿಂದಲೂ ಸೂಜಿಯಿಂದ ದ್ರವವನ್ನು ತೆಗೆದು ಪರೀಕ್ಷಿಸುವರು. ಮಿಶ್ರತಳಿಯ ಹಸುಗಳಲ್ಲಿ ಈ ರೋಗವು ಉಗ್ರವಾಗಿ ಬರುವುದರಿಂದ ತಡಮಾಡಕೂಡದು.

ಆರೋಗ್ಯವಾಗಿದ್ದ ರಾಸು ಇದ್ದಕ್ಕಿದ್ದ ಹಾಗೆ ಸತ್ತು, ಮೂಗು ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಸೋರಿದರೆ ನೆರಡಿ ರೋಗವನ್ನು, ಎಂದರೆ ಅಂತ್ರಾಕ್ಸನ್ನು ಸಂಶಯಿಸಬೇಕು. ಇಂತಹ ಹೆಣವನ್ನು ಕೊಯ್ಯಕೂಡದು, ಚರ್ಮ ಸುಲಿಯಕೂಡದು, ಮಾಂಸವನ್ನು ಮುಟ್ಟಲೂ ಕೂಡದು. ಹೆಣವನ್ನು ಕೊಯ್ದರೆ ರೋಗಾಣುಗಳು ಗಾಳಿಗೆ ಸೋಂಕಿ ಗಟ್ಟಿ ಕವಚದ ಬೀಜಕಗಳಾಗಿ ಮಣ್ಣಿನಲ್ಲಿ ಹತ್ತಾರು ವರ್ಷಗಳವರೆಗೆ ಜೀವದಿಂದಿರುವುವು. ಇದು ಮನುಷ್ಯರಿಗೂ ಹತ್ತುವ ರೋಗ. ಪಶುವೈದ್ಯರು ಕಿವಿಯ ನರದಿಂದ ಒಂದು ತೊಟ್ಟು ರಕ್ತವನ್ನು ಮಾತ್ರ ತೆಗೆದು ಪರೀಕ್ಷಿಸುವರು. ಹೆಣವು ಕೊಳೆತ ಮೇಲೆ ರೋಗಾಣುಗಳು ನಾಶವಾಗುವುದರಿಂದ, ತಡವಾಗಿ ತೆಗೆದ ಲೇಪನದ ‘ಇಲ್ಲ’ ಎಂಬ ಮಾತನ್ನು ನಂಬುವಂತಿಲ್ಲ.

೪. ಸಗಣಿಯ ಪರೀಕ್ಷೆ

ಸಗಣಿಯನ್ನು ಉಪ್ಪಿನ ಗಟ್ಟಿ ನೀರಿನಲ್ಲಿ ಕದಡಿದರೆ ಜಂತುಹುಳುಗಳ ಹಗುರವಾದ ಮೊಟ್ಟೆಗಳು ಮೇಲೆ ತೇಲುವುವು. ಬರಿಯ ನೀರಿನಲ್ಲಿ ಕದಡಿ ನಿಲ್ಲಿಸಿದರೆ ಪಿತ್ತಜನಕಾಂಗದ ಚಪ್ಪಟೆ ಹುಳುವಿನ ಭಾರವಾದ ಮೊಟ್ಟೆಗಳು ಕೆಳಗೆ ಕೂರುವುವು. ಚಪ್ಪಟೆ ಹುಳುವಿನ ಕಾಟವು ಬಸವನಹುಳುಗಳಿರುವ ಕೆರೆಯಂಚು, ಕಾಲುವೆ, ಭತ್ತದ ಗದ್ದೆಗಳ ಮೇವಿನಿಂದ ಬರುವುದು. ಆದುದರಿಂದ ಮಲೆನಾಡಿನಲ್ಲಿಯೂ ನೀರಾವರಿ ಪ್ರಾಂತದಲ್ಲಿಯೂ ಈ ಪರೀಕ್ಷೆಯು ಬಹಳ ಉಪಯುಕ್ತ.

ಆದರೆ ಮೊಟ್ಟೆಯನ್ನು ಇಡುವುದು ಬೆಳೆದ ಹುಳು ಮಾತ್ರ. ಹುಲ್ಲಿನೊಡನೆ ಹೊಟ್ಟೆಗೆ ಹೋದ ಚಪ್ಪಟೆ ಹುಳುವಿನ ಮರಿಯು ಬಲಿತು ಮೊಟ್ಟೆಯಿಡುವುದಕ್ಕೆ ಸುಮಾರು ೩–೪ ತಿಂಗಳು ಬೇಕು. ಆ ಅವಧಿಯಲ್ಲಿ ಮರಿಗಳು ಪಿತ್ತಜನಕಾಂಗವನ್ನು ಕೊರೆದು ತಿನ್ನುತ್ತಿದ್ದರೂ ಸಗಣಿಯಲ್ಲಿ ಒಂದು ಮೊಟ್ಟೆಯೂ ಕಾಣದು. ಹೊಟ್ಟೆಯ ಚಪ್ಪಟೆ ಹುಳುಗಳ ಮರಿಗಳೂ ಹೀಗೆಯೇ ಎಳೆಯ ರಾಸುಗಳಲ್ಲಿ ನೀರಿನಂತಹ ಭೇದಿಯನ್ನುಂಟುಮಾಡುವುವು. ಚೀಟಿಯಲ್ಲಿ ಮಾತ್ರ ‘ಮೊಟ್ಟೆಗಳಿಲ್ಲ’ ಎಂದಿರುವುದು. ಗದ್ದೆಯ ಬಯಲಿನಲ್ಲಿ ಮೇದ ಕರುವು ಸೊರಗಿ ದವಡೆಯ ಕೆಳಗೆ ನೀರು ತುಂಬಿದ್ದರೆ, ಒಂದು ‘ಇಲ್ಲ’ ಎಂಬ ಚೀಟಿಯಿಂದ ತೃಪ್ತರಾಗಕೂಡದು. ಜಂತಿನ ಔಷಧ ಕೊಟ್ಟ ೧೦–೧೪ ದಿನಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರೆ ಔಷಧವು ನಾಟಿತೋ ಇಲ್ಲವೋ ತಿಳಿಯುವುದು. ಒಂದೇ ಔಷಧವನ್ನು ವರ್ಷಗಟ್ಟಲೆ ಕೊಡುತ್ತ ಬಂದ ಮಂದೆಗಳಲ್ಲಿ ಇದು ಅವಶ್ಯ.

೫. ಹಾಲಿನ ಪರೀಕ್ಷೆ

ಕೆಚ್ಚಲು ಬಾವು ಕಣ್ಣಿಗೆ ಕಾಣುವುದಕ್ಕೆ ಮೊದಲೇ ಒಳಗೆ ಬೆಳೆಯುವ ರೋಗ. ಹಾಲು ಒಡೆದು, ಕೆಚ್ಚಲು ಊದಿದ ಮೇಲೆ ರೋಗ ತಿಳಿಯುವುದಕ್ಕೆ ಪರೀಕ್ಷೆಯೇ ಬೇಡ. ಅದಕ್ಕೆ ಮೊದಲು ತಿಳಿಯುವುದಕ್ಕೆ ಎರಡು ಸುಲಭ ಉಪಾಯಗಳಿವೆ. ಮೊದಲನೆಯದು, ಪ್ರತಿಯೊಂದು ಮೊಲೆಯ ಮೊದಲ ಧಾರೆಯನ್ನು ಕಪ್ಪು ಬಟ್ಟೆ ಅಥವಾ ಕಪ್ಪು ತಟ್ಟೆಯ ಮೇಲೆ ಕರೆದು ಗರಣೆಗಳಿವೆಯೇ ಎಂದು ನೋಡುವುದು. ಎರಡನೆಯದು, ೧೯೫೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾ ಪರೀಕ್ಷೆ. ನಾಲ್ಕು ಗುಳಿಗಳುಳ್ಳ ತಟ್ಟೆಯಲ್ಲಿ ನಾಲ್ಕು ಮೊಲೆಗಳ ಹಾಲನ್ನೂ ಬೇರೆ ಬೇರೆಯಾಗಿ ಕರೆದು, ಅಷ್ಟೇ ಪ್ರಮಾಣದ ಔಷಧದ್ರವವನ್ನು ಹಾಕಿ, ತಟ್ಟೆಯನ್ನು ಸುತ್ತಾಡಿಸಬೇಕು. ರೋಗವಿರುವ ಮೊಲೆಯ ಹಾಲಿನಲ್ಲಿ ಬಿಳಿ ರಕ್ತಕಣಗಳು ಹೆಚ್ಚಾಗಿರುವುದರಿಂದ ಅದು ಕೆಲವೇ ಸೆಕೆಂಡುಗಳಲ್ಲಿ ಗಂಜಿಯಂತೆ ದಪ್ಪನಾಗುವುದು. ರೋಗವು ಹೆಚ್ಚಾದಷ್ಟೂ ಲೋಳೆಯು ಗಟ್ಟಿಯಾಗುವುದು.

ಈ ಪರೀಕ್ಷೆಯು ಹೇಳುವುದು ಕೆಚ್ಚಲಿನಲ್ಲಿ ಉರಿಯೂತವಿದೆಯೆಂದು ಮಾತ್ರ. ಯಾವ ರೋಗಾಣುವಿನಿಂದ, ಯಾವ ಔಷಧದಿಂದ ಗುಣ ಎಂಬುದನ್ನು ಹೇಳದು. ಅದಕ್ಕೆ ರೋಗಾಣುವನ್ನು ಬೆಳೆಸುವ ಪರೀಕ್ಷೆ ಬೇಕು. ಗಿಣ್ಣು ಹಾಲಿನಲ್ಲಿಯೂ, ಹಸು ಬತ್ತುವ ಕಾಲದ ಹಾಲಿನಲ್ಲಿಯೂ ಕಣಗಳು ಸ್ವಾಭಾವಿಕವಾಗಿಯೇ ಹೆಚ್ಚಾಗಿರುವುದರಿಂದ ನಾಲ್ಕು ಗುಳಿಗಳಲ್ಲಿಯೂ ಹಾಲು ಸ್ವಲ್ಪ ದಪ್ಪನಾಗಬಹುದು, ಅದು ರೋಗವಲ್ಲ. ಮೂರು ಗುಳಿಗಳು ತಿಳಿಯಾಗಿದ್ದು ಒಂದು ಮಾತ್ರ ದಪ್ಪನಾದರೆ ಆ ಒಂದು ಮೊಲೆಯ ಮೇಲೆ ಲಕ್ಷ್ಯವಿಡಬೇಕು.

೬. ಕಂದು ಹಾಕುವ ರೋಗದ ಪರೀಕ್ಷೆ

ಪರೀಕ್ಷೆಯ ಚೀಟಿಯನ್ನು ಅತ್ಯಂತ ಎಚ್ಚರಿಕೆಯಿಂದ ಓದಬೇಕಾದುದು ಬ್ರುಸೆಲ್ಲಾ ರೋಗದಲ್ಲಿ. ಹಳ್ಳಿಗರು ಇದನ್ನು ಕಂದು ಹಾಕುವ ರೋಗವೆನ್ನುವರು. ೧೮೮೭ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸಿಪಾಯಿಗಳ ದೇಹದಲ್ಲಿ ಒಂದು ರೋಗಾಣುವನ್ನು ಕಂಡನು. ೧೮೯೭ರಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಎಂಬ ವಿದ್ವಾಂಸನು ಕಂದು ಹಾಕಿದ ಹಸುಗಳಲ್ಲಿ ಒಂದು ರೋಗಾಣುವನ್ನು ಕಂಡನು. ೧೯೦೫ರಲ್ಲಿ ಮಾಲ್ಟಾದ ಜಮ್ಮಿತ್ ಎಂಬ ವೈದ್ಯನು ಆ ದ್ವೀಪದ ಜ್ವರವು ಮೇಕೆಗಳಿಂದ ಬರುವುದೆಂದು ತೋರಿಸಿದನು. ಮನುಷ್ಯರ ಜ್ವರವೂ ದನಗಳ ಕಂದುರೋಗವೂ ಒಂದೇ ಕುಲದ ರೋಗಾಣುಗಳಿಂದ ಬರುವುವೆಂದು ೧೯೧೮ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಎಂಬಾಕೆ ಸ್ಥಾಪಿಸಿದಳು. ಕೊಟ್ಟಿಗೆಯ ರೋಗವು ಮನೆಯೊಳಗೂ ಬರುವುದೆಂಬುದೇ ಈ ಇತಿಹಾಸದ ಸಾರ.

ಈ ರೋಗದಲ್ಲಿ ಹಸುಗಳು ಬಹುಮಟ್ಟಿಗೆ ಗಬ್ಬದ ಕಡೆಯ ತಿಂಗಳುಗಳಲ್ಲಿ ಕಂದು ಹಾಕುವುವು. ಮಾಸು ಬೀಳದೆ ನಿಲ್ಲುವುದು. ಹಾಕಿದ ಕಂದಿನಲ್ಲಿ, ಮಾಸಿನಲ್ಲಿ, ಸ್ರಾವದಲ್ಲಿ ರೋಗಾಣುಗಳು ಲೆಕ್ಕವಿಲ್ಲದಷ್ಟಿರುವುವು. ಪಕ್ಕದ ಹಸುವು ಅದನ್ನು ನೆಕ್ಕಿದರೆ, ಸ್ರಾವವು ಬಿದ್ದ ಮೇವನ್ನು ತಿಂದರೆ ರೋಗವು ಹತ್ತುವುದು. ಬರಿಗೈಯಿಂದ ಮಾಸನ್ನು ಎಳೆದವನಿಗೂ, ಕಾಯಿಸದ ಹಾಲನ್ನು ಕುಡಿದವನಿಗೂ ಬಂದು ಹೋಗುವ ಜ್ವರ, ರಾತ್ರಿ ಬೆವರು, ಕೀಲುನೋವು ಬರುವುದು. ಒಂದು ಸಾರಿ ರೋಗ ಹತ್ತಿದ ಹಸುವು ಮುಂದಿನ ಸೂಲಿನಲ್ಲಿ ತುಂಬಿದ ದಿನಕ್ಕೆ ಈಯಬಹುದು. ಆಗಲೂ ಅದರ ಸ್ರಾವ ಹಾಲುಗಳಲ್ಲಿ ರೋಗಾಣುವಿರಬಹುದು. ಆದುದರಿಂದ ‘ಮತ್ತೆ ಕಂದು ಹಾಕಲಿಲ್ಲ, ರೋಗ ಹೋಯಿತು’ ಎಂದು ತಿಳಿಯುವುದು ತಪ್ಪು.

ಇದನ್ನು ಕಂಡುಹಿಡಿಯಲು ಸುಲಭವಾದುದು ರೋಸ್ ಬೆಂಗಾಲ್ ಪರೀಕ್ಷೆ. ರಕ್ತದ ತಿಳಿಯ ಒಂದು ತೊಟ್ಟಿಗೆ ಗುಲಾಬಿ ಬಣ್ಣದ ದ್ರವದ ಒಂದು ತೊಟ್ಟನ್ನು ಬೆರೆಸಿ ೪ ನಿಮಿಷ ಅಲುಗಿಸುವರು. ಪ್ರತಿಕಾಯಗಳಿದ್ದರೆ ಬಣ್ಣವು ಹರಳುಹರಳಾಗಿ ಒಡೆಯುವುದು; ಇಲ್ಲದಿದ್ದರೆ ಒಂದೇ ಸಮನಾಗಿ ನಿಲ್ಲುವುದು. ಹಾಲಿನ ಉಂಗುರದ ಪರೀಕ್ಷೆಯು ಮತ್ತೊಂದು. ಹಲವು ಹಸುಗಳ ಬೆರಕೆ ಹಾಲಿಗೆ ನೀಲಿ ದ್ರವವನ್ನು ಬೆರೆಸಿಟ್ಟರೆ, ಮಂದೆಯಲ್ಲಿ ರೋಗವಿದ್ದ ಪಕ್ಷದಲ್ಲಿ ಮೇಲೇಳುವ ಕೆನೆಯು ನೀಲಿ ಉಂಗುರವಾಗುವುದು. ಇದು ಮಂದೆಯನ್ನು ಸೋಸುವುದಕ್ಕೆ ಒಳ್ಳೆಯದು. ಯಾವ ಹಸುವೆಂದು ತಿಳಿಯುವುದಕ್ಕೆ ಒಂದೊಂದರ ರಕ್ತವನ್ನೂ ನೋಡಬೇಕು.

ಇವೆರಡೂ ಹೆಜ್ಜೆಯನ್ನು ಹುಡುಕುವ ಪರೀಕ್ಷೆಗಳು. ‘ಉಂಟು’ ಎಂದಾಗ ಮೂರು ಸಂಗತಿಗಳನ್ನು ವಿಚಾರಿಸಬೇಕು. ಒಂದು, ಆ ಹಸುವಿಗೆ ಕಂದುರೋಗದ ಲಸಿಕೆ ಹಾಕಿಸಿದೆಯೇ? ಈ ಲಸಿಕೆಯನ್ನು ೪ರಿಂದ ೮ ತಿಂಗಳ ಹೆಣ್ಣುಕರುಗಳಿಗೆ ಮಾತ್ರ ಜೀವಮಾನದಲ್ಲಿ ಒಂದು ಸಾರಿ ಹಾಕುವುದು ಇದಕ್ಕಾಗಿಯೇ: ಬೆಳೆದ ಹಸುವಿಗೆ ಹಾಕಿದರೆ ಲಸಿಕೆಯಿಂದುಂಟಾದ ಪ್ರತಿಕಾಯಗಳು ಬಹುಕಾಲ ಉಳಿದು, ರೋಗವಿಲ್ಲದೆಯೂ ಚೀಟಿಯು ‘ಉಂಟು’ ಎನ್ನುವುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮವು ೨೦೧೯ರಲ್ಲಿ ಪ್ರಾರಂಭವಾದಾಗ ಕಾಲುಬಾಯಿ ರೋಗದೊಡನೆ ಇದಕ್ಕೂ ಲಸಿಕೆಯನ್ನು ಏರ್ಪಡಿಸಿತು. ಎರಡು, ಬೇರೆ ಕೆಲವು ಕ್ರಿಮಿಗಳ ಪ್ರತಿಕಾಯಗಳೂ ಇದೇ ತರಹ ತೋರಿಬರುವುದುಂಟು. ಮೂರು, ಮಂದೆಯಲ್ಲಿ ಇತರ ಹಸುಗಳು ಕಂದು ಹಾಕಿವೆಯೇ? ಸಂಶಯವಿದ್ದಲ್ಲಿ ಎಲೈಸಾ ಮುಂತಾದ ಇನ್ನೂ ನಿಖರವಾದ ಪರೀಕ್ಷೆಯನ್ನು ಮಾಡಿಸತಕ್ಕದ್ದು.

‘ಇಲ್ಲ’ ಎಂದಾಗಲೂ ವಿಚಾರವುಂಟು. ರೋಗವು ಹತ್ತಿದ ಮೊದಲ ಕೆಲವು ವಾರಗಳಲ್ಲಿ ಪ್ರತಿಕಾಯಗಳು ಇನ್ನೂ ಹುಟ್ಟಿರುವುದಿಲ್ಲ. ಈಯುವ ಅಥವಾ ಕಂದು ಹಾಕುವ ದಿನದ ಆಸುಪಾಸಿನಲ್ಲಿ ಅವು ರಕ್ತದಲ್ಲಿ ಕಡಿಮೆಯಾಗಬಹುದು. ಆದುದರಿಂದ ಕಂದು ಹಾಕಿದ ದಿನವೇ ತೆಗೆದ ರಕ್ತದಲ್ಲಿ ‘ಇಲ್ಲ’ ಎಂದು ಬಂದರೆ, ಹಸುವನ್ನು ಬೇರೆಯಾಗಿಯೇ ಕಟ್ಟಿ, ೩–೪ ವಾರಗಳ ಮೇಲೆ ಮತ್ತೊಮ್ಮೆ ರಕ್ತ ತೆಗೆಯಿಸಬೇಕು. ರೋಗದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಕರುಗಳಲ್ಲಿ ಕೆಲವು, ಚೊಚ್ಚಲ ಗಬ್ಬದವರೆಗೂ ‘ಇಲ್ಲ’ ಎಂದೇ ತೋರಿ, ಆಮೇಲೆ ರೋಗವನ್ನು ಪ್ರಕಟಿಸುವುದುಂಟು.

೭. ಕ್ಷಯದ ಚುಚ್ಚುಪರೀಕ್ಷೆ

ಕ್ಷಯದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕನು ೧೮೮೨ರಲ್ಲಿ ಕಂಡುಹಿಡಿದನು. ಆತನು ೧೮೯೦ರಲ್ಲಿ ಟ್ಯುಬರ್ಕ್ಯುಲಿನ್ ಎಂಬ ದ್ರವವನ್ನು ರೋಗದ ಔಷಧವೆಂದು ಸಾರಿದನು. ಔಷಧವಾಗಿ ಅದು ಫಲಿಸಲಿಲ್ಲ, ರೋಗವನ್ನು ಪತ್ತೆಮಾಡುವ ಸಾಧನವಾಗಿ ಉಳಿಯಿತು. ಹಸುವಿನ ಕತ್ತಿನ ಚರ್ಮದ ದಪ್ಪವನ್ನು ಅಳೆದು, ೦.೧ ಮಿಲಿಲೀಟರ್ ದ್ರವವನ್ನು ಚರ್ಮದೊಳಗೆ ಚುಚ್ಚಿ, ೭೨ ಗಂಟೆಗಳ ಮೇಲೆ ಮತ್ತೆ ಅಳೆಯುವರು. ದಪ್ಪವು ೪ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾದರೆ ‘ಉಂಟು’. ಹೆಚ್ಚಿದ್ದು ೨ ಮಿಲಿಮೀಟರ್ ಮೀರದೆ ಬೇರೆ ರೋಗಚಿಹ್ನೆಯೂ ಇಲ್ಲದಿದ್ದರೆ ‘ಇಲ್ಲ’. ನಡುವೆ ಇದ್ದರೆ ಸಂಶಯ, ೪೨ ದಿನಗಳು ಕಳೆದ ಮೇಲೆ ಮತ್ತೆ ಪರೀಕ್ಷೆ. ರೋಗವು ಬಹಳ ಮುಂದುವರಿದು ಸೊರಗಿದ ಹಸುವಿನಲ್ಲಿಯೂ, ಹೊಸದಾಗಿ ಈದ ಹಸುವಿನಲ್ಲಿಯೂ ಚರ್ಮವು ಊದದೆ ಇರಬಹುದು. ಕೋಳಿಗಳ ಕ್ಷಯದ ರೋಗಾಣುವಿನ ಸಂಪರ್ಕದಿಂದ ಸುಳ್ಳು ಊತವೂ ಬರಬಹುದಾದುದರಿಂದ, ಎರಡು ಬಗೆಯ ದ್ರವವನ್ನು ಎರಡು ಕಡೆ ಚುಚ್ಚಿ ಹೋಲಿಸಿ ನೋಡುವ ಕ್ರಮವೂ ಉಂಟು.

೮. ಒಂದೇ ಚೀಟಿ, ಎರಡು ಅರ್ಥ

ಈವರೆಗೆ ಹೇಳಿದುದರ ಮರ್ಮವು ಒಂದು ಲೆಕ್ಕದಿಂದ ಸ್ಪಷ್ಟವಾಗುವುದು. ಒಂದು ಪರೀಕ್ಷೆಯು ರೋಗವುಳ್ಳ ೧೦೦ ರಾಸುಗಳಲ್ಲಿ ೯೫ನ್ನು ಹಿಡಿಯುವುದೆಂದೂ, ರೋಗವಿಲ್ಲದ ೧೦೦ರಲ್ಲಿ ೨ನ್ನು ತಪ್ಪಾಗಿ ‘ಉಂಟು’ ಎನ್ನುವುದೆಂದೂ ಇಟ್ಟುಕೊಳ್ಳೋಣ.

ಮೊದಲನೆಯ ಊರಿನಲ್ಲಿ ೧,೦೦೦ ರಾಸುಗಳಿವೆ; ಕಂದು ಹಾಕಿದ ಸುದ್ದಿ ಅಪರೂಪ; ನಿಜವಾಗಿ ರೋಗವಿರುವುದು ೨೦ಕ್ಕೆ. ಪರೀಕ್ಷೆಯು ಈ ೨೦ರಲ್ಲಿ ೧೯ನ್ನು ಹಿಡಿಯುವುದು. ಉಳಿದ ೯೮೦ ಆರೋಗ್ಯದ ರಾಸುಗಳಲ್ಲಿ ೧೦೦ಕ್ಕೆ ೨ರಂತೆ ಸುಮಾರು ೨೦ನ್ನು ತಪ್ಪಾಗಿ ಹಿಡಿಯುವುದು. ಒಟ್ಟು ‘ಉಂಟು’ ಎಂಬ ಚೀಟಿಗಳು ೩೯. ಅವುಗಳಲ್ಲಿ ಅರ್ಧಕ್ಕೂ ಮಿಗಿಲಾದುವು ಆರೋಗ್ಯದ ರಾಸುಗಳವು.

ಎರಡನೆಯದು ೧೦೦ ಹಸುಗಳ ಮಂದೆ. ಒಂದಾದ ಮೇಲೊಂದು ಕಂದು ಹಾಕಿವೆ. ನಿಜವಾಗಿ ರೋಗವಿರುವುದು ೪೦ಕ್ಕೆ. ಪರೀಕ್ಷೆಯು ಇವುಗಳಲ್ಲಿ ೩೮ನ್ನು ಹಿಡಿಯುವುದು. ಉಳಿದ ೬೦ರಲ್ಲಿ ಸುಮಾರು ೧ನ್ನು ತಪ್ಪಾಗಿ ಹಿಡಿಯುವುದು. ಇಲ್ಲಿಯೂ ಚೀಟಿಗಳು ೩೯. ಆದರೆ ಇವುಗಳಲ್ಲಿ ಒಂದು ಮಾತ್ರ ಸುಳ್ಳು.

ಪರೀಕ್ಷೆಯೂ ಒಂದೇ, ಚೀಟಿಗಳ ಸಂಖ್ಯೆಯೂ ಒಂದೇ. ಅರ್ಥ ಮಾತ್ರ ಅಜಗಜಾಂತರ. ‘ಇಲ್ಲ’ ಎಂಬ ಚೀಟಿಗಳನ್ನು ನೋಡಿದರೆ, ಮೊದಲನೆಯ ಊರಿನಲ್ಲಿ ೯೬೧ರಲ್ಲಿ ೧ ಸುಳ್ಳು. ಎರಡನೆಯ ಮಂದೆಯಲ್ಲಿ ೬೧ರಲ್ಲಿ ೨ ಸುಳ್ಳು. ಆದುದರಿಂದ ರೋಗವು ಅಪರೂಪವಾಗಿರುವ ಕಡೆ ‘ಉಂಟು’ ಎಂಬುದನ್ನು ಎರಡನೆಯ ಪರೀಕ್ಷೆಯಿಂದ ಸ್ಥಿರಪಡಿಸಬೇಕು. ರೋಗವು ಹರಡಿರುವ ಕಡೆ ‘ಇಲ್ಲ’ ಎಂಬುದನ್ನು ಎರಡನೆಯ ಪರೀಕ್ಷೆಯಿಂದ ಸ್ಥಿರಪಡಿಸಬೇಕು. ಪಶುವೈದ್ಯರು ಮತ್ತೆ ರಕ್ತವನ್ನು ಕೇಳಿದರೆ ಅದು ಅವರ ಅಜ್ಞಾನವಲ್ಲ, ಎಚ್ಚರಿಕೆ. ಊರಿನಲ್ಲಿ ಕಂದು ಹಾಕಿದ ಹಸುಗಳನ್ನು ಮುಚ್ಚಿಡದೆ ತಿಳಿಸುವುದು ಏಕೆ ಅವಶ್ಯವೆಂಬುದೂ ಇದರಿಂದ ತಿಳಿಯುವುದು: ಆ ಸುದ್ದಿಯಿಲ್ಲದೆ ಚೀಟಿಯ ಬೆಲೆಯನ್ನು ಯಾರೂ ಕಟ್ಟಲಾರರು.

೯. ಚೀಟಿಗಾಗಿ ಕಾಯಬಾರದ ಸಂದರ್ಭ

ಹುಚ್ಚುನಾಯಿ ಕಚ್ಚಿದಾಗ ಮಾತ್ರ ಪರೀಕ್ಷೆಗಾಗಿ ಕಾಯುವ ಮಾತೇ ಇಲ್ಲ. ಈ ರೋಗವನ್ನು ನಿಶ್ಚಯಿಸುವುದು ಸತ್ತ ಪ್ರಾಣಿಯ ಮೆದುಳಿನಿಂದ. ಬದುಕಿರುವ ನಾಯಿಯಲ್ಲಿ ನೆಚ್ಚಬಹುದಾದ ಪರೀಕ್ಷೆಯಿಲ್ಲ. ಮನುಷ್ಯನಿಗೆ ರೋಗದ ಚಿಹ್ನೆಗಳು ತೋರಿದ ಮೇಲೆ ಬದುಕುವ ಆಸೆಯು ಇಲ್ಲವೆಂದೇ ಹೇಳಬೇಕು. ಆದುದರಿಂದ ಗಾಯವನ್ನು ಕೂಡಲೆ ಸಾಬೂನು ನೀರುಗಳಿಂದ ೧೫ ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಪ್ರಾರಂಭಿಸತಕ್ಕದ್ದು. ಹುಚ್ಚು ಹಿಡಿದ ಹಸುವಿನ ಬಾಯಿಗೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಕೈಹಾಕಿದವರೂ ಹೀಗೆಯೇ ಮಾಡಬೇಕು.

೧೦. ಊರಿನ ಮುಖ್ಯಸ್ಥರ ಕರ್ತವ್ಯ

ಒಂದು ಕಾಲದಲ್ಲಿ ದೊಡ್ಡರೋಗವು ಬಂದರೆ ಊರಿಗೆ ಊರೇ ದನಗಳಿಲ್ಲದೆ ಬರಿದಾಗುತ್ತಿತ್ತು. ಇಂದು ಆ ರೋಗವು ಭೂಮಿಯ ಮೇಲೆ ಇಲ್ಲ. ೨೦೦೬ರಲ್ಲಿ ಭಾರತವು ಅದರಿಂದ ಮುಕ್ತವೆಂದು ಅಂಗೀಕೃತವಾಯಿತು, ೨೦೧೧ರಲ್ಲಿ ಲೋಕವೆಲ್ಲವೂ ಮುಕ್ತವೆಂದು ಘೋಷಿತವಾಯಿತು. ಲಸಿಕೆಯಿಂದ ಅದು ಅಡಗಿತು; ನಿಜವಾಗಿ ಹೋಯಿತೆಂದು ನಿಶ್ಚಯವಾದುದು ಊರೂರಿನ ದನಗಳ ರಕ್ತದ ಪರೀಕ್ಷೆಯಿಂದ. ರಕ್ತವನ್ನು ತೆಗೆಯಲು ಬಂದವರಿಗೆ ಹಗ್ಗ ಹಿಡಿದುಕೊಟ್ಟ ರೈತನಿಗೂ ಆ ಯಶಸ್ಸಿನಲ್ಲಿ ಪಾಲುಂಟು.

ಇಂದಿನ ರೋಗಗಳಲ್ಲಿಯೂ ಇಂತಹ ಸಹಾಯವೇ ಬೇಕಾದುದು. ಬೆಂಗಳೂರಿನ ಹೆಬ್ಬಾಳ ಯಲಹಂಕಗಳಲ್ಲಿ ಪಶುರೋಗಗಳ ದೊಡ್ಡ ಪ್ರಯೋಗಶಾಲೆಗಳಿದ್ದರೂ, ಹಳ್ಳಿಯಿಂದ ಸರಿಯಾದ ಮಾದರಿಯೂ ನಿಜವಾದ ವರದಿಯೂ ಹೋಗದಿದ್ದರೆ ಅವು ಏನನ್ನೂ ಮಾಡಲಾರವು. ಮುಖ್ಯಸ್ಥರು ಈ ಕೆಳಗಿನ ನಿಯಮಗಳನ್ನು ಊರವರಿಗೆ ತಿಳಿಯಹೇಳುವುದು ಯುಕ್ತ:

(೧) ಮಾದರಿಯನ್ನು ಔಷಧಕ್ಕೆ ಮುಂಚೆ ತೆಗೆಯಿಸಿ, ರಾಸಿನ ಸಂಖ್ಯೆ, ಗಬ್ಬ, ಲಸಿಕೆಗಳ ವಿವರದೊಡನೆ ಕಳುಹಿಸಬೇಕು.

(೨) ಕಂದು ಹಾಕಿದ ಹಸುವನ್ನು ಫಲಿತಾಂಶವು ಬರುವವರೆಗೆ ಬೇರೆಯಾಗಿ ಕಟ್ಟಬೇಕು. ಕಂದನ್ನೂ ಮಾಸನ್ನೂ ಬರಿಗೈಯಿಂದ ಮುಟ್ಟದೆ, ನಾಯಿಗಳಿಗೆ ಸಿಕ್ಕದಂತೆ ಆಳವಾಗಿ ಹೂಳಿ ಸುಣ್ಣ ಹಾಕಬೇಕು.

(೩) ‘ಉಂಟು’ ಎಂದು ಸ್ಥಿರಪಟ್ಟ ರಾಸನ್ನು ಸಂತೆಗೆ ಹೊಡೆಯಕೂಡದು, ದಾನವಾಗಿಯೂ ಕೊಡಕೂಡದು. ಪಶುವೈದ್ಯರು ಹೇಳಿದಂತೆ ಪ್ರತ್ಯೇಕವಾಗಿ ಇಡತಕ್ಕದ್ದು.

(೪) ಹೊಸದಾಗಿ ಕೊಂಡ ಹಸುವನ್ನು ರಕ್ತಪರೀಕ್ಷೆ ಮಾಡಿಸದೆ ಮಂದೆಗೆ ಸೇರಿಸಕೂಡದು. ಒಂದು ತಿಂಗಳು ಬೇರೆ ಕಟ್ಟಿ, ಎರಡನೆಯ ಸಲವೂ ಪರೀಕ್ಷೆ ಮಾಡಿಸುವುದು ಉತ್ತಮ.

(೫) ಚೀಟಿಯಲ್ಲಿ ಏನೇ ಬರೆದಿರಲಿ, ಹಾಲನ್ನು ಕಾಯಿಸಿಯೇ ಕುಡಿಯಬೇಕು.

(೬) ‘ಉಂಟು’ ಎಂಬ ಚೀಟಿ ಬಂದ ಮನೆಯನ್ನು ಊರವರು ಹೀಯಾಳಿಸಕೂಡದು. ಹೀಯಾಳಿಸಿದ ಊರಿನಲ್ಲಿ ಮುಂದಿನವನು ರೋಗವನ್ನು ಬಚ್ಚಿಡುವನು. ಬಚ್ಚಿಟ್ಟ ರೋಗವು ಎಲ್ಲರ ಕೊಟ್ಟಿಗೆಗೂ ಬರುವುದು.

ಚೀಟಿಯನ್ನು ತಂದವನು ಅದನ್ನು ಪಶುವೈದ್ಯರ ಮುಂದಿಟ್ಟು ಮೂರು ಪ್ರಶ್ನೆಗಳನ್ನು ಕೇಳಲಿ: ಈ ಪರೀಕ್ಷೆಯು ರೋಗಾಣುವನ್ನು ಹುಡುಕಿತೋ, ಅದರ ಹೆಜ್ಜೆಯನ್ನೋ? ಮಾದರಿಯು ತಕ್ಕ ಕಾಲದಲ್ಲಿ ತೆಗೆದುದೋ? ಮತ್ತೊಮ್ಮೆ ನೋಡಬೇಕೋ, ಯಾವಾಗ? ಇವುಗಳಿಗೆ ಉತ್ತರವನ್ನು ಪಡೆದ ರೈತನು ಗಾಬರಿಯಿಂದ ಒಳ್ಳೆಯ ರಾಸನ್ನು ಕಳೆದುಕೊಳ್ಳುವುದೂ ಇಲ್ಲ, ಉದಾಸೀನದಿಂದ ಮಂದೆಯನ್ನು ಕೆಡಿಸಿಕೊಳ್ಳುವುದೂ ಇಲ್ಲ.